ಗುಡಿ ಇದೆ, ಒಟ್ಟಿಗೆ ಕೂರೋದಿಲ್ಲ: ಒಂಟಿಯಾಗಿರುವ ಹಿರಿಯರಿಗಾಗಿ ವಾರದ ಭಜನೆ ಶುರು ಮಾಡೋದು ಹೇಗೆ?

ಹೇಮಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಲೂರು, ಸಕಲೇಶಪುರ ತಾಲ್ಲೂಕುಗಳ ಗಡಿಯಲ್ಲಿರುವ ಒಂದು ಊರಿನ ಬಗ್ಗೆ ಕೇಳ್ತಿದ್ದೀನಿ. ಸುಮಾರು 40 ಮನೆ, ಹೆಚ್ಚಿನವು ಒಂಟಿಮನೆಗಳೇ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗೋಕೆ ತೋಟ ದಾಟಬೇಕು, ಇಲ್ಲ ಗದ್ದೆ ಬದು ಹಿಡೀಬೇಕು. ಮಕ್ಕಳೆಲ್ಲ ಬೆಂಗಳೂರು, ಮೈಸೂರು ಸೇರಿದ್ದಾರೆ. ಅರ್ಧದಷ್ಟು ಮನೇಲಿ ಅರವತ್ತು ದಾಟಿದವರೇ ಇರೋದು, ಏಳೆಂಟು ಮನೇಲಿ ಒಬ್ಬೊಬ್ಬರೇ.

ಊರಲ್ಲಿ ಬಸವಣ್ಣನ ಗುಡಿ ಇದೆ. ಬೆಳಗ್ಗೆ ಅರ್ಚಕರು ಬಂದು ಪೂಜೆ ಮಾಡಿ ಬಾಗಿಲು ಹಾಕ್ಕೊಂಡು ಹೋಗ್ತಾರೆ. ಬರೋರು ತೀರ್ಥ ತಗೊಂಡು, "ಆರಾಮಾ?" ಅಂತ ಕೇಳಿ, ಉತ್ತರ ಬರೋಷ್ಟರಲ್ಲಿ ಮೆಟ್ಟಿಲು ಇಳಿದಿರ್ತಾರೆ. ಊರೆಲ್ಲ ಸೇರೋದು ಸುಗ್ಗಿ ಹಬ್ಬಕ್ಕೆ ಮಾತ್ರ. ಹಿಂದೆ ಭಜನಾ ಮಂಡಳಿ ಇತ್ತು, ನಿಂತುಹೋಗಿದೆ. ಹಾರ್ಮೋನಿಯಂ ಗುಡಿಯ ಅಟ್ಟದಲ್ಲಿದೆ.

ವಾರಕ್ಕೊಮ್ಮೆ ಏನಾದರೂ ಶುರು ಮಾಡಬೇಕು ಅಂತ ನಾಲ್ಕೈದು ಜನ ಮಾತಾಡ್ತಿದ್ದಾರೆ. ಎಷ್ಟು ಹೊತ್ತು, ಯಾವ ಹೊತ್ತು, ದುಡ್ಡು ಹೇಗೆ? ಇಂಥವು ಮೂರು ತಿಂಗಳಲ್ಲಿ ನಿಂತುಹೋಗೋದು ಯಾಕೆ? ಊರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ತೋಟದ ಲೈನ್ (ಕಾರ್ಮಿಕರ ಸಾಲುಮನೆ) ಕಡೆ ನಾಲ್ಕು ಕ್ರಿಶ್ಚಿಯನ್ ಮನೆಗಳಿವೆ. ಅವರನ್ನು ಬಿಟ್ಟು ಮಾಡೋದು ಸರಿಯಲ್ಲ ಅನ್ನಿಸ್ತಿದೆ. ಇಂಥದ್ದನ್ನು ನಡೆಸಿ ಗೊತ್ತಿರೋರು ವಿವರವಾಗಿ ಹೇಳಿ.

ಕಡೂರು ಸೀಮೆ

ಸರ್, ಹೊತ್ತು, ದುಡ್ಡಿಗಿಂತ ಮೊದಲು ಒಂದು ವಿಷಯ. ನಮ್ಮ ಗುಡಿಗಳ ಕಟ್ಟಡ, ಪೂಜೆಯ ಕ್ರಮ ಎರಡೂ ದರ್ಶನಕ್ಕೆ ಅಂತ ಇರೋದು. ಬರ್ತೀವಿ, ಕೈ ಮುಗೀತೀವಿ, ಮಂಗಳಾರತಿ ತಗೊಂಡು ಹೋಗ್ತೀವಿ. ಜೊತೆಗೆ ಕೂರಲೇಬೇಕು ಅನ್ನೋ ಕಟ್ಟುಪಾಡು ಅದರಲ್ಲಿಲ್ಲ. ಮಸೀದಿಗೆ ಶುಕ್ರವಾರ, ಚರ್ಚಿಗೆ ಭಾನುವಾರ ಅಂತ ಒಂದು ಹೊತ್ತು ಗೊತ್ತಾಗಿದೆ. ಹಳ್ಳಿ ಗುಡಿಗೆ ಆ ಹೊತ್ತು ಬರೋದು ಜಾತ್ರೆಯಲ್ಲಿ, ಸುಗ್ಗಿಯಲ್ಲಿ, ಕಾರ್ತಿಕದಲ್ಲಿ. ಅದಕ್ಕೇ ದಿನಾ ಗುಡಿಗೆ ಹೋಗುವ ಹಿರಿಯರೂ ಒಂಟಿಯಾಗೇ ಇರ್ತಾರೆ.

ಇದನ್ನು ಅಳೆದು ನೋಡಿದವರಿದ್ದಾರೆ. ಚೇಯೂನ್ ಲಿಮ್, ರಾಬರ್ಟ್ ಪಟ್ನಮ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಸಾವಿರಾರು ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ್ದು: ತಪ್ಪದೆ ಪ್ರಾರ್ಥನೆಗೆ ಹೋಗುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತರು, ಆದರೆ ಅದು ಅಲ್ಲಿ ಅವರಿಗೆ ಆಪ್ತರು ಇದ್ದಾಗ ಮಾತ್ರ. ವಾರವಾರ ಹೋಗಿಯೂ ಅಲ್ಲಿ ಒಬ್ಬ ಸ್ನೇಹಿತನೂ ಇಲ್ಲದವರಿಗೆ, ಹೋಗದೇ ಇರುವವರಿಗಿಂತ ಹೆಚ್ಚಿನ ತೃಪ್ತಿ ಕಂಡುಬರಲಿಲ್ಲ. ಆ ದೇಶ ಬೇರೆ, ಅವರ ಚರ್ಚು ಬೇರೆ, ನಿಜ. ಆದರೆ ನಿಮ್ಮ ಊರಿನ ಮೆಟ್ಟಿಲ ಮೇಲೆ ನಡೀತಿರೋದೂ ಇದೇ ಅಲ್ವಾ?

ಹಾಗಾಗಿ ಭಜನೆ ಚೆನ್ನಾಗಿ ಆಯ್ತಾ ಅನ್ನೋದು ನಿಮ್ಮ ಲೆಕ್ಕ ಆಗಬಾರದು. ಬರದೇ ಇದ್ದವರ ಮನೆಗೆ ಮಾರನೇ ದಿನ ಯಾರಾದರೂ ಹೋದರಾ ಅನ್ನೋದು ಲೆಕ್ಕ. ಒಂದು 100 ಪುಟದ ನೋಟ್‌ಬುಕ್ ಇಡಿ, ಬಂದವರ ಹೆಸರು ಬರೀರಿ. ಒಂದು ವಾರ ತಪ್ಪಿದರೆ ಫೋನು, ಎರಡು ವಾರ ತಪ್ಪಿದರೆ ಮನೆಗೆ ಹೋಗೋದು. ಹೋಗೋದು ಯಾರು ಅಂತ ಅವತ್ತೇ, ಎಲ್ಲರೂ ಏಳೋ ಮೊದಲೇ ನಿರ್ಧಾರ ಆಗಬೇಕು. "ಯಾರಾದ್ರೂ ನೋಡ್ಕೊಂಡು ಬನ್ನಿ" ಅಂದ್ರೆ ಯಾರೂ ಹೋಗಲ್ಲ. ಮನೆಗೆ ಹೋದವರು "ಯಾಕೆ ಬರ್ಲಿಲ್ಲ" ಅಂತ ವಿಚಾರಣೆ ಮಾಡಕೂಡದು. "ನಿಮ್ಮ ಜಾಗ ಖಾಲಿ ಇತ್ತು, ನೋಡೋಣ ಅಂತ ಬಂದ್ವಿ" ಅಂದ್ರೆ ಸಾಕು.

ಹೊತ್ತು: ಮಧ್ಯಾಹ್ನ 3.30ರಿಂದ 5. ಸಂಜೆ 6ಕ್ಕೆ ಇಟ್ಟರೆ ಹಸು ಇರೋರು ಬರೋಕಾಗಲ್ಲ. ಹಾಲು ಕರೆಯಬೇಕು, ಡೈರಿಗೆ ಹಾಕಬೇಕು. ನಿಮ್ಮ ಕಡೆ ಆನೆ ಕಾಟ ಬೇರೆ. ಕತ್ತಲಾದ ಮೇಲೆ ತೋಟದ ದಾರೀಲಿ ವಯಸ್ಸಾದವರನ್ನು ಒಬ್ಬೊಬ್ಬರೇ ಕಳಿಸೋ ಹಾಗೇ ಇಲ್ಲ. ಅರಣ್ಯ ಇಲಾಖೆಯಿಂದ ಆನೆ ಓಡಾಟದ ಸಂದೇಶ ಬಂದ ದಿನ ರದ್ದು ಅಂತ ಮೊದಲೇ ಮಾತಾಗಿರಲಿ. ರದ್ದು ಮಾಡುವ ಅಧಿಕಾರ ಒಬ್ಬರಿಗೇ ಕೊಡಿ, ಅವರು ಮಧ್ಯಾಹ್ನ 2ರೊಳಗೆ ಎಲ್ಲರಿಗೂ ಫೋನ್ ಮಾಡಲಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿ ಸುಮ್ಮನಾಗಬೇಡಿ, ಒಂಟಿಯಾಗಿರೋ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಅದನ್ನು ನೋಡಲ್ಲ.

ದಿನ: ಪ್ರತಿ ವಾರ ಅದೇ ಒಂದು ದಿನ. ಹುಣ್ಣಿಮೆ, ಏಕಾದಶಿ ಅಂತ ತಿಥಿ ಮೇಲೆ ಇಟ್ಟರೆ ದಿನ ಬದಲಾಗ್ತಾ ಹೋಗುತ್ತೆ, ಜನ ಮರೀತಾರೆ. ಹದಿನೈದು ದಿನಕ್ಕೊಮ್ಮೆ ಇಟ್ಟರೆ "ಈ ವಾರವೋ ಮುಂದಿನ ವಾರವೋ" ಅನ್ನೋ ಗೊಂದಲ. ಸಂತೆ ದಿನ, ಸ್ವಸಹಾಯ ಸಂಘದ ಸಭೆ ದಿನ ಬಿಡಿ.

ಒಂದೂವರೆ ಗಂಟೆಯನ್ನು ಹೀಗೆ ಹಂಚಿ: ಬಂದು ಕೂರೋಕೆ 15 ನಿಮಿಷ, ಭಜನೆ 40, ಮಂಗಳಾರತಿ 5, ಕಾಫಿ ಮತ್ತು ಮಾತು 30. ಮೊದಲು ಕತ್ತರಿ ಬೀಳೋದು ಆ ಕೊನೆಯ ಅರ್ಧ ಗಂಟೆಗೆ. ಮಂಗಳಾರತಿ ಆದ ತಕ್ಷಣ ಪ್ರಸಾದ ತಗೊಂಡು ಎದ್ದು ಹೋಗೋ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಉಪಾಯ ಸುಲಭ. ಮಂಗಳಾರತಿ ಆದ ಮೇಲೆ ಕಾಫಿ ಕೊಡಿ, ಪ್ರಸಾದವನ್ನು ಕಟ್ಟಕಡೆಗೆ ಕೊಡಿ. ಪ್ರಸಾದ ತಗೊಳ್ಳದೆ ನಮ್ಮ ಹಿರಿಯರು ಏಳೋದಿಲ್ಲ.

ಭಜನೆ ಹೊತ್ತಲ್ಲಿ ಎಲ್ಲರೂ ಗರ್ಭಗುಡಿ ಕಡೆ ಮುಖ ಮಾಡಿರ್ತಾರೆ, ಒಬ್ಬರಿಗೆ ಇನ್ನೊಬ್ಬರ ಬೆನ್ನು ಮಾತ್ರ ಕಾಣುತ್ತೆ. ಕಾಫಿಗೆ ಮುಂಚೆ ಕುರ್ಚಿಗಳನ್ನು ವೃತ್ತಕ್ಕೆ ತಿರುಗಿಸಿ. ಕುರ್ಚಿ ಬೇಕೇ ಬೇಕು. ಮಂಡಿ ನೋವಿರೋರಿಗೆ ನೆಲದ ಮೇಲೆ ಕೂರಲಾಗದೆ, ಹಾಗಂತ ಹೇಳಿಕೊಳ್ಳೋಕೂ ಆಗದೆ ಬರೋದೇ ಬಿಡ್ತಾರೆ. ಬರುವ ಎಲ್ಲರಿಗೂ ಕುರ್ಚಿ ಹಾಕಿದರೆ "ನನಗೊಬ್ಬಳಿಗೇ ಕುರ್ಚಿಯಾ" ಅನ್ನೋ ಸಂಕೋಚ ಇರಲ್ಲ. ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋಕೆ ಒಂದು ಜಿಐ ಪೈಪ್ ಹಾಕಿಸಿ. ಹತ್ತಿರದಲ್ಲಿ ಶೌಚಾಲಯ ಇರುವ ಜಾಗವನ್ನೇ ಆರಿಸಿ. ವಯಸ್ಸಾದ ಹೆಂಗಸರು ಹೊರಗೆ ಬರೋದನ್ನ ತಪ್ಪಿಸೋದಕ್ಕೆ ಇದು ದೊಡ್ಡ ಕಾರಣ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ.

ಎಂಟರಿಂದ ಹನ್ನೆರಡು ಜನ ಇದ್ದರೆ ಶುರು ಮಾಡಿ. 25 ದಾಟಿದರೆ ಎರಡು ಗುಂಪು ಮಾಡಿ. ಅದಕ್ಕಿಂತ ಹೆಚ್ಚಾದರೆ ಹಿಂದೆ ಕೂತವರು ಬಂದರೋ ಬಿಟ್ಟರೋ ಯಾರಿಗೂ ಗೊತ್ತಾಗಲ್ಲ.

ಶುರು ಮಾಡೋಕೆ ನವರಾತ್ರಿ ಒಳ್ಳೇದು, ಒಂಬತ್ತು ದಿನ ಸತತ ಸೇರಿ ಅಭ್ಯಾಸ ಆಗುತ್ತೆ. ಏಪ್ರಿಲ್, ಮೇನಲ್ಲಿ ಶುರು ಮಾಡಿದರೆ ಬೇರು ಬಿಡೋ ಮುಂಚೆ ಮಳೆ ಹಿಡೀತದೆ. ಪುನರ್ವಸು, ಪುಷ್ಯದ ಜಡಿ ಮಳೇಲಿ ಗುಡಿಗೆ ಬರೋಕಾಗಲ್ಲ ಅನ್ನೋದನ್ನು ಒಪ್ಪಿಕೊಂಡು, ಜುಲೈ, ಆಗಸ್ಟಿಗೆ ಊರನ್ನು ಮೂರು ನಾಲ್ಕು ತುಂಡು ಮಾಡಿ, ಹತ್ತಿರದ ಐದಾರು ಮನೆಯವರು ಒಂದು ಮನೆ ಜಗಲಿಯಲ್ಲಿ ಸೇರಲಿ. ಕಾಫಿ ಕುಯ್ಲಿನ ಹೊತ್ತಲ್ಲಿ ಕಣ ಕಾಯೋದು ಹಿರಿಯರ ಕೆಲಸ. ಕಣದ ಪಕ್ಕದಲ್ಲೇ ಕೂತು ಭಜನೆ ಮಾಡಬಹುದು, ದೇವರು ಬೇಡ ಅನ್ನಲ್ಲ.

ದುಡ್ಡಿನ ವಿಷಯ. ತಿಂಗಳ ವಂತಿಗೆ ಬೇಡ. ಕೊಡಲಾಗದವರು ಕೊಡಲಾಗ್ತಿಲ್ಲ ಅನ್ನಲ್ಲ, "ಮೈಯಲ್ಲಿ ಹುಷಾರಿಲ್ಲ" ಅಂತಾರೆ. ಮುಚ್ಚಿದ ಡಬ್ಬಿ ಇಡಿ, ಹಾಕೋರು ಹಾಕಲಿ, ಯಾರು ಎಷ್ಟು ಅಂತ ಬರೆಯಬೇಡಿ. ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯ್ತು ಅನ್ನೋದನ್ನು ಮಾತ್ರ ತಿಂಗಳಿಗೊಮ್ಮೆ ಓದಿ ಹೇಳಿ. ಉಳಿದ ದುಡ್ಡನ್ನು ಬಡ್ಡಿಗೆ ಬಿಡೋದು, ಚೀಟಿ ಹಾಕೋದು ಬೇಡವೇ ಬೇಡ. ಸಾಲದ ಕಂತು ತಪ್ಪಿದವರು ಮುಖ ತೋರಿಸೋಕೆ ನಾಚಿ ಬರೋದು ನಿಲ್ಲಿಸ್ತಾರೆ, ಯಾರಿಗಾಗಿ ಮಾಡಿದ್ದೋ ಅವರೇ ಇಲ್ಲದ ಹಾಗಾಗುತ್ತೆ.

ಮೂರು ತಿಂಗಳಲ್ಲಿ ನಿಂತುಹೋಗೋಕೆ ಕಾರಣ ಕೇಳಿದಿರಿ. ಹೆಚ್ಚಿನ ಕಡೆ ತಿಂಡಿಯೇ ಕಾರಣ. ಮೊದಲ ವಾರ ಒಂದು ಮನೆಯವರು ಕಾಫಿ, ಬಿಸ್ಕತ್ತು ಕೊಡ್ತಾರೆ. ಮೂರನೇ ವಾರದವರು ಉಪ್ಪಿಟ್ಟು ಮಾಡ್ತಾರೆ. ಆರನೇ ವಾರ ಕೇಸರಿಬಾತು, ವಡೆ. ಹತ್ತನೇ ವಾರದ ಸರದಿ ಬರೋದು ಒಬ್ಬರೇ ಇರುವ ಅಜ್ಜಿಯದು, ಅವರು ಅದರ ಹಿಂದಿನ ವಾರವೇ ಬರೋದು ಬಿಟ್ಟಿರ್ತಾರೆ. ಮನೆ ಸರದಿಯೇ ಬೇಡ. ಕಾಫಿ ಮತ್ತು ಒಂದು ಪ್ರಸಾದ, ಅದೂ ಗುಡಿಯಲ್ಲೇ ಮಾಡೋದು, ಎಲ್ಲ ವಾರವೂ ಅಷ್ಟೇ. ಯಾರಾದರೂ ಹರಕೆ ಅಂತ ಹೆಚ್ಚಿಗೆ ಮಾಡಿಸ್ತೀನಿ ಅಂದರೆ ಹಬ್ಬದ ದಿನ ಮಾಡಿಸಿ ಅನ್ನಿ.

ಗುಡಿ ಮುಜರಾಯಿಗೆ ಸೇರಿದ್ದಾ ನೋಡಿ. ಸೇರಿದ್ದರೆ, ವರ್ಷಕ್ಕೆ 5 ಲಕ್ಷದೊಳಗೆ ಆದಾಯ ಇರುವ ಗುಡಿ 'ಸಿ' ವರ್ಗ. ವ್ಯವಸ್ಥಾಪನಾ ಸಮಿತಿ ಇದ್ದರೆ ಅವರಿಂದ, ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಗೆ ಅರ್ಜಿ ಕೊಟ್ಟು, ವಾರಕ್ಕೊಮ್ಮೆ ಒಂದೂವರೆ ಗಂಟೆ ಪ್ರಾಂಗಣ ಬಳಸೋಕೆ ಒಪ್ಪಿಗೆ ತಗೊಳ್ಳಿ. ಮಂಡಳಿಯನ್ನು ನೋಂದಣಿ ಮಾಡಿಸೋ ಅಗತ್ಯ ಇಲ್ಲ. 1960ರ ಸಂಘಗಳ ಕಾಯ್ದೆಯಲ್ಲಿ ಏಳು ಜನ ಇದ್ದರೆ ನೋಂದಣಿ ಆಗುತ್ತೆ, ನಿಜ. ಆದರೆ ಅಧ್ಯಕ್ಷ, ಕಾರ್ಯದರ್ಶಿ ಅಂತ ಬಂದ ಕೂಡಲೇ ಎರಡು ಪಕ್ಷ ಆಗ್ತವೆ. ಒಂದು ವರ್ಷ ಕಳೀಲಿ.

ಚಿಟಿಕೆ ತಾಳ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಹಾಡು, ವಾದ್ಯ, ಪ್ರಸಾದದ ಬಗ್ಗೆ ಮಾತ್ರ ಹೇಳ್ತೀನಿ.

ಭಜನೆಯಿಂದ ಶುರು ಮಾಡ್ತಿರೋದು ಸರಿಯಾಗಿದೆ. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹಾಡುವ ತರಗತಿ, ಕರಕುಶಲದ ತರಗತಿ, ಬರವಣಿಗೆಯ ತರಗತಿಗಳನ್ನು ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಗೆ ಎಲ್ಲ ತರಗತಿಯವರೂ ಒಬ್ಬರಿಗೊಬ್ಬರು ಹತ್ತಿರ ಆಗಿದ್ದರು, ಆದರೆ ಹಾಡುವವರು ಮೊದಲ ತಿಂಗಳಲ್ಲೇ ಹತ್ತಿರ ಆಗಿದ್ದರು. ಮಾತು ಬಾರದವರಿಗೂ, ಊರಿಗೆ ಹೊಸದಾಗಿ ಬಂದ ಸೊಸೆಗೂ, ಮಾತೇ ಬಿಟ್ಟಿರೋ ಅಣ್ಣತಮ್ಮಂದಿರಿಗೂ ಒಟ್ಟಿಗೆ ಬಾಯಿ ತೆರೆಯೋಕೆ ಹಾಡು ಒಂದು ನೆಪ ಕೊಡುತ್ತೆ.

ಆದರೆ ಒಬ್ಬರು ಚೆನ್ನಾಗಿ ಹಾಡೋರು ಸಿಕ್ಕಿದರೆ ಉಳಿದವರು ಕೇಳುಗರಾಗಿ ಬಿಡ್ತಾರೆ. ಅದು ಕಛೇರಿ, ಭಜನೆ ಅಲ್ಲ. ಒಬ್ಬರು ಒಂದು ಸಾಲು ಹೇಳೋದು, ಎಲ್ಲರೂ ತಿರುಗಿ ಹೇಳೋದು, ಇದೇ ಕ್ರಮ ಇರಲಿ. ಹೇಳಿಕೊಡೋರು ಹಾಡಿಗೊಬ್ಬರಂತೆ ಬದಲಾಗಲಿ, ಸ್ವರ ತಪ್ಪಿದರೂ ಪರವಾಗಿಲ್ಲ. ವಾರಕ್ಕೆ ಆರು ಹಾಡು ಸಾಕು. ಅದರಲ್ಲಿ ನಾಲ್ಕು ಪ್ರತಿ ವಾರ ಅವೇ ಇರಬೇಕು, ಒಂದು ಬದಲಾಗಲಿ, ಒಂದು ಹೊಸದು. ಪುಸ್ತಕ ನೋಡದೆ ಹಾಡೋಕೆ ಬಂದಾಗಲೇ ಹಿರಿಯರ ಮುಖ ಎದ್ದು ಎದುರಿನವರನ್ನು ನೋಡೋದು. ದಾಸರ ಪದ, ವಚನ, ತತ್ವಪದ, ಊರಿನ ಹೆಂಗಸರ ಸೋಬಾನೆ ಎಲ್ಲ ಸೇರಿಸಿ. ದಾಸರ ಪದ ಮಾತ್ರ ಇದ್ದರೆ ಅದು ಕೆಲವು ಮನೆಗಳ ಭಜನೆ ಆಗಿಬಿಡುತ್ತೆ. ಸೋಬಾನೆ ಬರೋ ಅಜ್ಜಿಗೆ ಹೇಳಿಕೊಡೋ ಕೆಲಸ ಕೊಟ್ಟು ನೋಡಿ, ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕೂತಿರ್ತಾರೆ.

ಹಾಡಿನ ಹಾಳೆ: ಎ4 ಹಾಳೆಯ ಒಂದೇ ಬದಿಗೆ, 22 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ, ಬಿಳಿ ಮೇಲೆ ಕಪ್ಪು. ದೇವರ ಚಿತ್ರದ ಮೇಲೆ ಅಕ್ಷರ ಅಚ್ಚು ಮಾಡಿಸಬೇಡಿ, ಪೊರೆ ಬಂದ ಕಣ್ಣಿಗೆ ಏನೂ ಕಾಣಲ್ಲ.

ಶ್ರುತಿ (ಹಾಡಿನ ಆಧಾರ ಸ್ವರದ ಎತ್ತರ): ಹೆಂಗಸರಿಗೆ ಐದು, ಗಂಡಸರಿಗೆ ಒಂದು ಅನ್ನೋದು ಕಛೇರಿಯ ಲೆಕ್ಕ. ವಯಸ್ಸಾದಂತೆ ಮೇಲಿನ ಸ್ವರ ಎಲ್ಲರಿಗೂ ಕಷ್ಟ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ, ಗುಂಪಿನಲ್ಲಿ ದನಿ ಕ್ಷೀಣ ಆಗಿರೋರಿಗೆ ಅದು ಎಟುಕದಿದ್ದರೆ ಒಂದೊಂದೇ ಮನೆ (ಹಾರ್ಮೋನಿಯಂ ಕೀ) ಕೆಳಗಿಳಿಸಿ. ಎತ್ತರಿಸಿ ಹಾಡಿದರೆ ಅರ್ಧ ಜನ ಬರೀ ತುಟಿ ಆಡಿಸ್ತಾರೆ.

ಅಟ್ಟದ ಹಾರ್ಮೋನಿಯಂ ಇಳಿಸಿ, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ ಗಾಳಿ ತುಂಬಿಸಿ. ಕೈ ಬಿಟ್ಟ ಕೂಡಲೇ ಒಳ ತಿದಿ ಕುಸಿದರೆ ಗಾಳಿ ಸೋರ್ತಿದೆ, ಚರ್ಮ ಅಥವಾ ಬಟ್ಟೆ ಹರಿದಿರುತ್ತೆ. ಒತ್ತದಿದ್ದರೂ ಒಂದು ಸ್ವರ ಕೂಗ್ತಾ ಇದ್ದರೆ ಆ ಮನೆಯ ಕೆಳಗಿನ ಸ್ಪ್ರಿಂಗ್ ಸೋತಿದೆ ಅಥವಾ ಕಸ ಸಿಕ್ಕಿದೆ. ಒತ್ತಿದರೂ ದನಿ ಬರದಿದ್ದರೆ ರೀಡು ಕೆಟ್ಟಿದೆ ಅಥವಾ ಅದಕ್ಕೆ ಕಸ ಸಿಕ್ಕಿದೆ. ಮೊದಲ ಎರಡನ್ನು ರಿಪೇರಿ ಮಾಡಿಸಬಹುದು. ಹತ್ತಾರು ರೀಡು ಹೋಗಿದ್ದರೆ ಖರ್ಚು ಮಾಡಬೇಡಿ, ಮೊಬೈಲಿನ ತಂಬೂರಿ ಮತ್ತು ಎರಡು ಜೊತೆ ತಾಳ ಸಾಕು. ಸರಿಯಿದ್ದರೆ ಇನ್ನು ಮುಂದೆ ಅಟ್ಟದಲ್ಲಿಡದೆ ಬೆಚ್ಚಗಿರುವ ಕೋಣೆಯಲ್ಲಿ ಇಡಿ, ಮಲೆನಾಡಿನ ಮಳೆಗಾಲದ ತೇವಕ್ಕೆ ರೀಡು ಉಳಿಯಲ್ಲ.

ಮೈಕು ಬೇಡ. ಹದಿನೈದು ಜನ ಕೂತಿರೋ ಸಣ್ಣ ಕಟ್ಟಡದಲ್ಲಿ ಮೈಕು ಹಾಕಿದರೆ ದನಿ ಗೋಡೆಗೆ ಬಡಿದು ಕಲಸಿಹೋಗುತ್ತೆ, ಕಿವಿ ಮಂದ ಇರೋರಿಗೆ ಸದ್ದು ಕೇಳುತ್ತೆ, ಮಾತು ಕೇಳಲ್ಲ. ಅವರನ್ನು ಗೋಡೆಗೆ ಬೆನ್ನು ಕೊಟ್ಟು, ಎದುರಿನವರ ಬಾಯಿ ಕಾಣೋ ಹಾಗೆ, ಬೆಳಕಿನ ಕಡೆ ಕೂರಿಸಿ. ಫ್ಯಾನು ತಲೆ ಮೇಲಿದ್ದರೆ ಆರಿಸಿ. ಕಿವಿ ಕೇಳದವರು ಎಲ್ಲರ ಮಧ್ಯೆ ಕೂತೂ ಒಂಟಿ, ಅದಕ್ಕೇ ಇಷ್ಟು ಹೇಳ್ತಿದ್ದೀನಿ.

25 ಜನಕ್ಕೆ ಕೋಸಂಬರಿ: ಹೆಸರುಬೇಳೆ ಅರ್ಧ ಕೆಜಿ, ಒಂದು ಗಂಟೆ ನೆನೆಸಿ ಚೆನ್ನಾಗಿ ಬಸಿಯಿರಿ. ಸೌತೆಕಾಯಿ ಒಂದು ಕೆಜಿ, ತೆಂಗಿನಕಾಯಿ ಒಂದು, ಹಸಿಮೆಣಸು ನಾಲ್ಕು, ಕೊತ್ತಂಬರಿ, ಎರಡು ನಿಂಬೆಹಣ್ಣು, ಒಗ್ಗರಣೆ. ಉಪ್ಪು ಮಾತ್ರ ಬಡಿಸೋ ಹತ್ತು ನಿಮಿಷ ಮುಂಚೆ ಹಾಕಿ, ಇಲ್ಲಾಂದ್ರೆ ಸೌತೆಕಾಯಿ ನೀರು ಬಿಟ್ಟು ದೊನ್ನೆ ಸೋರುತ್ತೆ. ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಅನ್ನೋದೇ ಇದರ ದೊಡ್ಡ ಅನುಕೂಲ. ಬೆಲ್ಲದ ಕಾಫಿ ಮಾಡೋದಾದರೆ ನೀರು ಒಂದೂವರೆ ಲೀಟರ್, ಹಾಲು ಒಂದು ಲೀಟರ್, ಪುಡಿ 100 ಗ್ರಾಂ, ಬೆಲ್ಲ 200 ಗ್ರಾಂ. ಬೆಲ್ಲ, ಪುಡಿ ನೀರಲ್ಲಿ ಕುದಿಸಿ, ಸೋಸಿ, ಕೆಳಗಿಳಿಸಿದ ಮೇಲೆ ಕಾದ ಹಾಲು ಸೇರಿಸಿ. ಹಾಲು ಬೆಲ್ಲ ಒಟ್ಟಿಗೆ ಕುದಿಸಿದರೆ ಒಡೆಯುತ್ತೆ. ಬೆಲ್ಲ ಹಾಕದ ಕಾಫಿಯನ್ನು ಬೇರೆ ಪಾತ್ರೇಲಿ ಮಾಡಿಡಿ.

ಮೂಡಿಗೆರೆ ಸೀಮೆಯವಳು

ಅಣ್ಣಂದಿರಿಬ್ಬರೂ ಹೇಳದೇ ಬಿಟ್ಟಿರೋ ಎರಡು ಸಂಗತಿ ಇವೆ. ಒಂಟಿಯಾಗಿರೋರು ಅಂದರೆ ನಮ್ಮ ಹಳ್ಳಿಗಳಲ್ಲಿ ಹೆಚ್ಚಿನಂಶ ಗಂಡ ತೀರಿಕೊಂಡ ಹೆಂಗಸರು. ಭಜನೆ ಮುಗಿದ ಕೂಡಲೇ ಅರಿಶಿನ ಕುಂಕುಮದ ತಟ್ಟೆ ಹೊರಡುತ್ತೆ. ಒಬ್ಬೊಬ್ಬರ ಮುಂದೆಯೂ ಹೋಗಿ ನಿಲ್ಲುತ್ತೆ, ಅವರ ಮುಂದೆ ಮಾತ್ರ ನಿಲ್ಲದೆ ಮುಂದಕ್ಕೆ ಹೋಗುತ್ತೆ. ಒಂದೂವರೆ ಗಂಟೆ ಒಟ್ಟಿಗೆ ಹಾಡಿ ಗಳಿಸಿದ್ದೆಲ್ಲ ಆ ಒಂದು ಗಳಿಗೆಯಲ್ಲಿ ಹೋಗಿಬಿಡುತ್ತೆ. ಇದನ್ನು ಸಭೆ ಕರೆದು ವಾದ ಮಾಡಿ ಸರಿಪಡಿಸೋಕೆ ಹೋಗಬೇಡಿ; ವಾದಕ್ಕೆ ಅವರೇ ವಸ್ತು ಆಗ್ತಾರೆ, ಇನ್ನಷ್ಟು ಕುಗ್ತಾರೆ. ತಟ್ಟೆ ಹಂಚೋದನ್ನೇ ಬಿಡಿ. ಬಾಗಿಲ ಹತ್ತಿರ ಮೇಜಿನ ಮೇಲೆ ಅರಿಶಿನ, ಕುಂಕುಮ, ಗಂಧ, ಹೂವು ಇಡಿ, ಬೇಕಾದವರು ಬೇಕಾದ್ದನ್ನು ತಗೊಳ್ಳಲಿ. ಎಲೆ ಅಡಿಕೆ, ಬಾಳೆಹಣ್ಣು ಎಲ್ಲರ ಕೈಗೂ ಒಂದೇ ಥರ ಕೊಡಿ. ದೀಪ ಹಚ್ಚೋ ಸರದಿಯಲ್ಲಿ ಅವರ ಹೆಸರನ್ನೂ ಬರೆಯಿರಿ. ಯಾರಾದರೂ ಗೊಣಗಿದರೆ ಹಿರಿಯ ಮುತ್ತೈದೆ ಒಬ್ಬರಿಂದಲೇ ಉತ್ತರ ಕೊಡಿಸಿ, ಯುವಕರು ಕೊಟ್ಟರೆ ಕೇಳಲ್ಲ.

ಎರಡನೇದು ಸೂತಕ. ಸಾವಾದ ಮನೆಗೆ ಮೊದಲ ಹತ್ತು ಹನ್ನೊಂದು ದಿನ ಜನವೋ ಜನ. ತಿಥಿ ಊಟ ಆದ ಮೇಲೆ ಒಬ್ಬರೂ ಇಲ್ಲ. ಮಕ್ಕಳು ರಜೆ ಮುಗೀತು ಅಂತ ಹೊರಟಿರ್ತಾರೆ. ಆಮೇಲೂ ಎಷ್ಟೋ ಮನೆಯವರು ವರ್ಷದವರೆಗೆ ಹಬ್ಬ ಮಾಡಲ್ಲ, ಶುಭಕ್ಕೆ ಹೋಗಲ್ಲ, ಗುಡಿಗೆ ಬರೋಕೆ ಹಿಂಜರೀತಾರೆ. ಅಂದರೆ ಜನ ಬೇಕೇಬೇಕು ಅನ್ನೋ ಹೊತ್ತಲ್ಲೇ ಪದ್ಧತಿ ಅವರನ್ನು ಮನೆಯೊಳಗೆ ಕೂರಿಸುತ್ತೆ. ವೀರಶೈವ ಲಿಂಗಾಯತರ ತತ್ವದಲ್ಲಿ ಸೂತಕಕ್ಕೆ ಜಾಗವೇ ಇಲ್ಲ, ಆದರೂ ಊರ ರೂಢಿ ಅಲ್ಲಿಗೂ ನುಗ್ಗುತ್ತೆ.

ಪದ್ಧತಿ ಮುರೀರಿ ಅಂತ ನಾನು ಹೇಳಲ್ಲ. ಅವರು ಗುಡಿಗೆ ಬರೋ ಹಾಗಿಲ್ಲ ಅಂದರೆ ಗುಂಪೇ ಅವರ ಜಗಲಿಗೆ ಹೋಗಲಿ. ನೋಟ್‌ಬುಕ್ಕಿನಲ್ಲಿ ಸಾವಿನ ತಾರೀಕು ಬರೆದು, ಹನ್ನೆರಡನೇ ದಿನದಿಂದ ಮೂರು ತಿಂಗಳವರೆಗೆ ವಾರಕ್ಕೊಂದು ಭೇಟಿ ಅಂತ ಗುರುತು ಹಾಕಿ. ಹೋಗೋದು ಇಬ್ಬರೇ, ಅರ್ಧ ಗಂಟೆ ಸಾಕು. "ಎಲ್ಲ ದೇವರ ಇಚ್ಛೆ", "ಪುಣ್ಯವಂತರು, ನರಳದೆ ಹೋದ್ರು" ಅನ್ನಬೇಡಿ. ಅಲ್ಲಿಗೆ ಮಾತು ಮುಗಿದುಹೋಗುತ್ತೆ, ಅವರು ತಲೆ ಆಡಿಸಬೇಕು ಅಷ್ಟೇ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನೋ ಬದಲು ಕಣ್ಣಿಗೆ ಕಂಡ ಒಂದು ಕೆಲಸ ಮಾಡಿ: ಹಂಡೆಗೆ ನೀರು ತುಂಬೋದು, ಗ್ಯಾಸ್ ಬುಕ್ ಮಾಡೋದು, ಅವರ ವಿಧವಾ ವೇತನದ ಅರ್ಜಿಗೆ ಮರಣ ಪತ್ರದ ನಕಲು ತೆಗೆಸೋದು. ಏಳುವಾಗ ಮುಂದೆ ಯಾವ ದಿನ ಬರ್ತೀರಿ ಅಂತ ಹೇಳಿ ಏಳಿ, ಆ ದಿನ ತಪ್ಪಿಸಬೇಡಿ. ಕಾದು ಕೂತಿರ್ತಾರೆ.

ಇನ್ನು ಜಾತಿ. ಗುಡಿಯೊಳಗೆ ಬರೋಕೆ ಕಾನೂನಿನಲ್ಲಿ ಯಾರಿಗೂ ಅಡ್ಡಿ ಇಲ್ಲ. ಆದರೆ ಕಾಲೋನಿಯ ಅಜ್ಜಿ ಹೊಸ್ತಿಲ ಹೊರಗೇ ಕೂತು "ಇಲ್ಲೇ ಗಾಳಿ ಚೆನ್ನಾಗಿದೆ" ಅಂದರೆ ಅದು ಗಾಳಿಯ ವಿಷಯ ಅಲ್ಲ. ಮೊದಲ ಆರು ತಿಂಗಳು ಅರಳಿಕಟ್ಟೆ, ಶಾಲೆ, ಸಮುದಾಯ ಭವನ, ಈ ಮೂರರಲ್ಲಿ ಒಂದು ಕಡೆ ಮಾಡಿ, ದೇವರ ಫೋಟೋ ಇಟ್ಟು ದೀಪ ಹಚ್ಚಿದರೆ ಆಯ್ತು. ಕುರ್ಚಿ ವೃತ್ತವಾಗಿ ಹಾಕಿ, ವೃತ್ತಕ್ಕೆ ಮೊದಲ ಸಾಲು, ಕೊನೆ ಸಾಲು ಅಂತ ಇರಲ್ಲ. ಲೋಟಗಳು ಒಂದೇ ಥರದ ಸ್ಟೀಲ್ ಲೋಟ, ಒಂದೇ ಬುಟ್ಟಿಯಿಂದ ಬರಬೇಕು, ಒಂದೇ ಕಡೆ ತೊಳೀಬೇಕು. ಪೇಪರ್ ಲೋಟ ತಂದರೆ ಯಾಕೆ ತಂದಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಕಾಫಿ ಮಾಡೋ ಸರದಿಯಲ್ಲಿ ಎಲ್ಲ ಕೇರಿಯವರೂ ಇರಲಿ. ಯಾರಾದರೂ "ನನಗೆ ಕಾಫಿ ಬೇಡ" ಅಂದರೆ ಬಲವಂತ ಬೇಡ, ಆದರೆ ಅವರಿಗಾಗಿ ಸರದಿ ಬದಲಾಯಿಸಲೂಬೇಡಿ.

ಕಾಫಿ ತೋಟ

ಕ್ರಿಶ್ಚಿಯನ್ ಮನೆಗಳ ಬಗ್ಗೆ ಕೇಳಿದ್ದೀರಿ. ಅವರು ಕ್ಯಾಥೋಲಿಕರಾಗಿದ್ದರೆ ಇದು ಗೊತ್ತಿರಲಿ: ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಹೆಚ್ಚಿನ ಕ್ಯಾಥೋಲಿಕ್ ಚರ್ಚುಗಳು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ಸೇರಿದವು. ಪ್ರತಿ ಚರ್ಚಿನವರನ್ನೂ ವಾರ್ಡುಗಳಾಗಿ ಹಂಚಿರ್ತಾರೆ. ಹಾಸಿಗೆ ಹಿಡಿದವರ ಪಟ್ಟಿ ಇರುತ್ತೆ, ಚರ್ಚಿಗೆ ಬರಲಾಗದವರಿಗೆ ಪರಮಪ್ರಸಾದವನ್ನು (ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿ) ಮನೆಗೇ ಒಯ್ದು ಕೊಡ್ತಾರೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡವರ, ಒಂಟಿಯಾದವರ ಮನೆಗೆ ಇಬ್ಬಿಬ್ಬರಾಗಿ ಹೋಗ್ತಾರೆ. ಒಬ್ಬರೇ ಹೋದರೆ ಭೇಟಿ ವೈಯಕ್ತಿಕ ಆಗುತ್ತೆ, ಆ ಒಬ್ಬರು ಊರು ಬಿಟ್ಟರೆ ಭೇಟಿಯೂ ನಿಲ್ಲುತ್ತೆ. ಇಬ್ಬರಿದ್ದರೆ ಒಬ್ಬರ ಜಾಗಕ್ಕೆ ಹೊಸಬರನ್ನು ಸೇರಿಸಿ ಮುಂದುವರಿಸಬಹುದು. ಒಂಟಿ ಹೆಂಗಸಿನ ಮನೆಗೆ ಹೋಗೋಕೂ ಅದೇ ಸಭ್ಯ. ಈ ಇಬ್ಬರ ಜೋಡಿಯ ಪದ್ಧತಿಯನ್ನು ನೀವು ಹಾಗೇ ತಗೋಬಹುದು.

ಆ ನಾಲ್ಕು ಮನೆಯವರನ್ನು ಭಜನೆಗೆ ಅಂತ ಕರೆದರೆ ಮುಜುಗರ ಆಗಬಹುದು. ಬಂದರೆ ತಮ್ಮ ಚರ್ಚಿನವರು ಏನಂತಾರೋ, ಬರದಿದ್ದರೆ ಊರವರು ಏನಂತಾರೋ ಅನ್ನೋ ಇಕ್ಕಟ್ಟು. 4.30ರ ಕಾಫಿಗೆ ಬನ್ನಿ ಅನ್ನಿ, ಜಾಗ ಶಾಲೆಯೋ ಕಟ್ಟೆಯೋ ಆಗಿದ್ದರೆ ಸಲೀಸು. ಅಕ್ಟೋಬರ್ ತಿಂಗಳು ಅವರಲ್ಲಿ ಮನೆಮನೆಯಲ್ಲಿ ಜಪಸರ ಪ್ರಾರ್ಥನೆ ನಡೆಯುತ್ತೆ. ಅವರು ಕರೆದರೆ ನಿಮ್ಮ ಕಡೆಯಿಂದ ನಾಲ್ಕು ಜನ ಹೋಗಿ ಹಿಂದೆ ಕೂತು ಬನ್ನಿ. ಒಂದೇ ಕಡೆಯವರು ಸದಾ ಅತಿಥಿಗಳಾಗಿದ್ದರೆ ಅದು ಸೇರುವಿಕೆ ಆಗಲ್ಲ.

ಹೇಮಾವತಿ ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಸೂತಕದ ಮಾತು ಓದಿ ಸುಮ್ಮನೆ ಕೂತುಬಿಟ್ಟೆ, ಊರಲ್ಲಿ ಈಗಲೇ ಅಂಥ ಎರಡು ಮನೆಗಳಿವೆ. ಇನ್ನೆರಡು ಪ್ರಶ್ನೆ. ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ದೇವರನ್ನು ನಂಬಲ್ಲ, ಒಂಟಿ. ಅವರನ್ನು ಹೇಗೆ ಕರೆಯೋದು? ಇನ್ನೊಂದು, ಹೊರಗಿನಿಂದ ಒಬ್ಬರು ಸ್ವಾಮಿಗಳು ಬಂದು ಒಂಟಿಯಾಗಿರೋರ ಮನೆಗಳಿಗೇ ಹೋಗಿ ದೋಷ ಇದೆ, ಶಾಂತಿ ಮಾಡಿಸಿ ಅಂತಿದ್ದಾರಂತೆ.

ಕಡೂರು ಸೀಮೆ

ಮೇಷ್ಟ್ರಿಗೆ ಕೆಲಸ ಕೊಡಿ ಸರ್. ನೋಟ್‌ಬುಕ್ ಬರೆಯೋದು, ಡಬ್ಬಿಯ ಲೆಕ್ಕ, ಪಂಚಾಯಿತಿಯ ಅರಿವು ಕೇಂದ್ರದಿಂದ (ಗ್ರಂಥಾಲಯ) ಪತ್ರಿಕೆ ತಂದು ಕಾಫಿ ಹೊತ್ತಲ್ಲಿ ಹತ್ತು ನಿಮಿಷ ಓದಿ ಹೇಳೋದು. "ನೀವೂ ಬನ್ನಿ" ಅಂದರೆ ಬರಲ್ಲ, "ಲೆಕ್ಕ ನೋಡೋರಿಲ್ಲ" ಅಂದರೆ ಬರ್ತಾರೆ. ಅವರು ಭಜನೆ ಹೊತ್ತಲ್ಲಿ ಹೊರಗೆ ಕೂತಿದ್ದರೆ ಕೂತಿರಲಿ, ಯಾರೂ ಚುಚ್ಚಬಾರದು. ಕೆಲಸ ಅನ್ನೋದು ಅವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಒಂದೊಂದು ಇರಲಿ: ಒಬ್ಬರದು ಎಣ್ಣೆ ಬತ್ತಿ, ಒಬ್ಬರದು ಹೂವು, ಒಬ್ಬರದು ಹಾಳೆ ಹಂಚೋದು. ಹೂವು ತರೋರು ಬರದಿದ್ದರೆ ಹೂವಿಲ್ಲ ಅಂತ ಎಲ್ಲರಿಗೂ ಗೊತ್ತಾಗಬೇಕು.

ಸ್ವಾಮಿಗಳ ವಿಷಯದಲ್ಲಿ ನೋಡಬೇಕಾದ್ದು ಇಷ್ಟು. ಒಬ್ಬರೇ ಇದ್ದಾಗ ಬರೋದು, ಮಕ್ಕಳಿಗೆ ಹೇಳಬೇಡಿ ಅನ್ನೋದು, ಹೆದರಿಸಿ ದುಡ್ಡು ಕೇಳೋದು, ಮೊದಲ ಶಾಂತಿ ಆದ ಮೇಲೆ ಎರಡನೇ ದೋಷ ಹೇಳೋದು. ಇವುಗಳಲ್ಲಿ ಎರಡು ಇದ್ದರೂ ಅಲ್ಲಿಗೇ ನಿಲ್ಲಿಸಿ. ಕಾಫಿ ಹೊತ್ತಲ್ಲಿ ಅವರ ಹೆಸರೆತ್ತದೆ "ಯಾರಾದ್ರೂ ಪೂಜೆಗೆ ದುಡ್ಡು ಕೇಳಿದ್ರೆ ವಾರದ ದಿನ ಎಲ್ಲರ ಮುಂದೆ ಬಂದು ಹೇಳಲಿ ಅನ್ನಿ" ಅಂತ ಒಂದು ಮಾತು ಹಾಕಿ. ದುಡ್ಡು ಈಗಾಗಲೇ ಕೊಟ್ಟಿದ್ದರೆ ಬೈಯಬೇಡಿ, ನಾಚಿಕೆಗೆ ಮುಚ್ಚಿಡ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಮೂಡಿಗೆರೆ ಸೀಮೆಯವಳು

ಒಂದು ಸೇರಿಸ್ತೀನಿ. ಎಲ್ಲವನ್ನೂ ಭಜನೆಯ ಮೇಲೆ ಹೊರಿಸಬೇಡಿ. ಎರಡು ವಾರ ಮೇಲ್ಪಟ್ಟು ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಸ್ನಾನ ಬಿಟ್ಟಿದ್ದಾರೆ, "ನಾನಿದ್ದು ಏನು ಪ್ರಯೋಜನ" ಅಂತಿದ್ದಾರೆ ಅಂದರೆ ಅದು ಬೇಸರ ಅಲ್ಲ, ಕಾಯಿಲೆ ಇರಬಹುದು. ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮನೆಯಿಂದಲೇ ಮಾತಾಡೋದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಲ್ಲಾದರೂ, ಕನ್ನಡದಲ್ಲೇ, ಉಚಿತ. ಸಾಯುವ ಮಾತಾಡಿದರೆ ಅವತ್ತು ರಾತ್ರಿ ಒಬ್ಬರೇ ಮಲಗೋಕೆ ಬಿಡಬೇಡಿ, ತೋಟದ ಔಷಧಿ (ಕೀಟನಾಶಕ) ಡಬ್ಬಗಳನ್ನು ಬೇರೆ ಮನೆಗೆ ಸಾಗಿಸಿ. ಹೆಂಗಸರನ್ನು ಹಾಸನಕ್ಕೆ ಕರ್ಕೊಂಡು ಹೋಗೋಕೆ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡೂ ಬೇಡ, ಆಧಾರ್ ಕಾರ್ಡ್ ಜೊತೆಗಿರಲಿ.

ಹೇಮಾವತಿ ದಂಡೆ

ಬರೆದುಕೊಂಡೆ ಅಕ್ಕ. ಶಾಲೆ ಕಟ್ಟಡ ಕೇಳ್ತೀವಿ, ನವರಾತ್ರಿಗೆ ಶುರು. ಆ ಎರಡು ಮನೆಗಳಿಗೆ ಅಲ್ಲಿಯವರೆಗೆ ಕಾಯಬೇಕಾ, ಈಗಲೇ ಹೋಗಬಹುದಾ?

ಮೂಡಿಗೆರೆ ಸೀಮೆಯವಳು

ನಾಳೆಯೇ ಹೋಗಿ. ಇಬ್ಬರು, ಅರ್ಧ ಗಂಟೆ. ಬರೋವಾಗ ಮುಂದಿನ ದಿನ ಹೇಳಿ ಬನ್ನಿ.